ಸಮೀಕ್ಷೆಯ ಕೋಡ್‌ಬುಕ್ಕೂ ಗೂಢಚಾರರ ಕೋಡ್‌ಬುಕ್ಕೂ ಒಂದೆಯೇ?

ಸಮೀಕ್ಷೆಯೊಂದರ ದತ್ತಾಂಶದ ಜೊತೆಗೆ ‘ಕೋಡ್‌ಬುಕ್’ ಎಂಬ ಕಡತ ಬಂದಿದೆ, ಯುದ್ಧಕಾಲದ ಗುಪ್ತ ಸಂದೇಶಗಳ ವಿಚಾರದಲ್ಲಿಯೂ ಇದೇ ಪದವನ್ನು ಓದಿದ್ದೇನೆ, ಎರಡೂ ಒಂದೆಯೇ ಎಂದು ಕೇಳಿದ್ದೀರಿ. ಉದ್ದೇಶ ಬೇರೆ, ತತ್ತ್ವ ಒಂದೇ. ಯಾವ ಸಂಕೇತಕ್ಕೆ ಯಾವ ಅರ್ಥ ಎಂಬುದನ್ನು ಮೊದಲೇ ಗೊತ್ತುಮಾಡಿ ಬರೆದಿಟ್ಟ ಪಟ್ಟಿಯೇ ಕೋಡ್‌ಬುಕ್. ಬರೆಯುವವರ ಬಳಿಯೂ ಓದುವವರ ಬಳಿಯೂ ಅದರ ಒಂದೇ ಆವೃತ್ತಿ ಇರಬೇಕು.

ನನ್ನ ಕೆಲಸವೇ ಸಮೀಕ್ಷೆಗಳ ದತ್ತಾಂಶವಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. 2011ರ ಜನಗಣತಿಯಲ್ಲಿ ಕರ್ನಾಟಕದ ಸಂಕೇತ 29, ಆಗಿನ್ನೂ ಅವಿಭಜಿತವಾಗಿದ್ದ ಆಂಧ್ರಪ್ರದೇಶದ್ದು 28. ನಿಮ್ಮ ಬೀದಿಯ ಅಂಗಡಿಯ ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆಯನ್ನು ನೋಡಿ, ಅದೂ 29ರಿಂದಲೇ ಶುರುವಾಗುತ್ತದೆ. ಆದರೆ 2014ರಲ್ಲಿ ರಾಜ್ಯ ಇಬ್ಭಾಗವಾದ ಮೇಲೆ ತೆಲಂಗಾಣಕ್ಕೆ 36, ಆಂಧ್ರಕ್ಕೆ 37 ಎಂದಾಯಿತು. ಹಳೆಯ ಪಟ್ಟಿಯನ್ನು ಹಿಡಿದು ಹೊಸ ಕಡತವನ್ನು ಓದುವವರು ಇಂಥಲ್ಲಿಯೇ ಎಡವುತ್ತಾರೆ.

ನಾನು ಎಡವಿದ್ದು ಇನ್ನೊಂದು ಕಡೆ. ವೃತ್ತಿಯ ಮೊದಲ ವರ್ಷ, ಮದುವೆಯಾದಾಗಿನ ವಯಸ್ಸಿನ ಸರಾಸರಿ ತೆಗೆದಾಗ ಉತ್ತರ ನಂಬಲಾಗದಷ್ಟು ಹೆಚ್ಚು ಬಂತು. ಅರ್ಧ ದಿನ ಲೆಕ್ಕವನ್ನೇ ಅನುಮಾನಿಸಿ, ಕೊನೆಗೆ ಕೋಡ್‌ಬುಕ್ ತೆರೆದರೆ 98 ಎಂದರೆ ‘ಗೊತ್ತಿಲ್ಲ’, 99 ಎಂದರೆ ‘ಉತ್ತರ ದಾಖಲಾಗಿಲ್ಲ’ ಎಂದಿತ್ತು. ಆ ಸಂಖ್ಯೆಗಳನ್ನೆಲ್ಲ ನಾನು ವಯಸ್ಸೆಂದೇ ಕೂಡಿಸಿದ್ದೆ. ಸಂದರ್ಶನಗಳನ್ನು ವಿಶ್ಲೇಷಿಸುವ ಸಂಶೋಧಕರಿಗೂ ಕೋಡ್‌ಬುಕ್ ಉಂಟು. ಒಂದು ಮಾತನ್ನು ಯಾವ ಶೀರ್ಷಿಕೆಗೆ ಸೇರಿಸಬೇಕು, ಯಾವುದನ್ನು ಸೇರಿಸಕೂಡದು ಎಂಬ ನಿಯಮಗಳು ಅದರಲ್ಲಿರುತ್ತವೆ.

ಗುಪ್ತ ಸಂದೇಶಗಳಲ್ಲಿ ಪಟ್ಟಿ ಎರಡು ಕಡೆಯವರ ಬಳಿ ಮಾತ್ರ ಇರಬೇಕು. 1917ರ ಜನವರಿಯಲ್ಲಿ ಜರ್ಮನಿಯ ವಿದೇಶಾಂಗ ಮಂತ್ರಿ ಝಿಮ್ಮರ್‌ಮನ್ ಮೆಕ್ಸಿಕೊಗೆ ಕಳುಹಿಸಿದ ತಂತಿಯಲ್ಲಿ ಅಂಕಿಗಳ ಗುಂಪುಗಳಷ್ಟೇ ಇದ್ದವು. ‘ಅರಿಜೋನ’ ಎಂಬ ಪದ ಪುಸ್ತಕದಲ್ಲಿ ಇರಲಿಲ್ಲವಾದ್ದರಿಂದ ಅದನ್ನು ತುಂಡು ತುಂಡಾಗಿ ಬರೆಯಬೇಕಾಯಿತು. ಬ್ರಿಟಿಷರು ತಂತಿಯನ್ನು ನಡುದಾರಿಯಲ್ಲಿ ಹಿಡಿದು ಬಿಡಿಸಿದರು.

ಮೂರನೆಯ ಬಳಕೆ ಮಾತಿನ ಧ್ವನಿಯನ್ನು ಕಿರಿದುಗೊಳಿಸಿ ಕಳುಹಿಸುವುದರಲ್ಲಿ. ಅದು ಹೆಚ್ಚು ಜನರಿಗೆ ತಿಳಿದಿಲ್ಲ, ನನಗೆ ಬಹಳ ಇಷ್ಟವಾದದ್ದೂ ಅದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಬಿಷ್ಣು ಅಟಲ್ ಅವರು 1985ರಲ್ಲಿ ಮ್ಯಾನ್‌ಫ್ರೆಡ್ ಶ್ರೋಡರ್ ಅವರೊಡನೆ ಪ್ರಕಟಿಸಿದ ವಿಧಾನದಲ್ಲಿ, ಧ್ವನಿಯ 5 ಮಿಲಿಸೆಕೆಂಡಿನ ಪ್ರತಿ ತುಣುಕಿಗೂ 1024 ಸಿದ್ಧ ನಮೂನೆಗಳ ಕೋಡ್‌ಬುಕ್ಕಿನಿಂದ ಅತ್ಯಂತ ಹೊಂದುವ ಒಂದನ್ನು ಆರಿಸಿ, ನಮೂನೆಯ ಬದಲು ಅದರ ಕ್ರಮಸಂಖ್ಯೆಯನ್ನು ಕಳುಹಿಸಲಾಗುತ್ತದೆ. ಅದಕ್ಕೆ 10 ಬಿಟ್ ಸಾಕು. ಹುಡುಕಾಟ ಮಾತ್ರ ದುಬಾರಿ: ಒಂದು ಸೆಕೆಂಡಿನ ಮಾತಿಗೆ ಕ್ರೇ-1 ಸೂಪರ್‌ಕಂಪ್ಯೂಟರ್ ಸುಮಾರು 125 ಸೆಕೆಂಡು ತೆಗೆದುಕೊಂಡಿತ್ತು. ಮುಂದೆ ಮೊಬೈಲ್ ಫೋನುಗಳಿಗೆ ಬಂದದ್ದು ಇದೇ ವಿಧಾನದ ಸುಧಾರಿತ ರೂಪಗಳು.

ನಿಮ್ಮ ಕಡತದ ವಿಷಯಕ್ಕೆ ಬಂದರೆ, ಲೆಕ್ಕಕ್ಕೆ ಕೈಹಾಕುವ ಮೊದಲು ಕೋಡ್‌ಬುಕ್ ಯಾವ ವರ್ಷದ್ದು, ಅದರಲ್ಲಿ ‘ಗೊತ್ತಿಲ್ಲ’ ಎಂಬುದಕ್ಕೆ ಯಾವ ಅಂಕಿ ಕೊಟ್ಟಿದ್ದಾರೆ ಎಂಬ ಎರಡನ್ನು ನೋಡಿಕೊಳ್ಳಿ.