ಚಿಪ್‌ಮಂಕ್ ದನಿ ಬೇಕಾದರೆ ನಿಧಾನವಾಗಿ ಹಾಡಿಸಿ

ಮೇಡಂ, ‘ಆಲ್ವಿನ್ ಅಂಡ್ ದಿ ಚಿಪ್‌ಮಂಕ್ಸ್’ ಅನ್ನೋ ಹಾಡುವ ಅಳಿಲುಗಳ ಸಿನಿಮಾ ನೋಡಿದ ಮಗ ಶಾಲೆಯ ವಾರ್ಷಿಕೋತ್ಸವದಲ್ಲಿ ಅದೇ ಕೀರಲು ದನಿಯಲ್ಲಿ ಹಾಡ್ತೀನಿ ಅಂತ ಹಟ ಹಿಡಿದಿದ್ದಾನೆ, ಗಂಟಲು ಕೆಡಲ್ವಾ ಅಂತ ಕೇಳಿದ್ದೀರಿ. ಕಿರುಚಿದರೆ ಕೆಡುತ್ತೆ. ಆದರೆ ಕಿರುಚೋದೇ ಬೇಡ. ಅದು ರೆಕಾರ್ಡಿಂಗ್ ಚಮತ್ಕಾರ. 1958ರಲ್ಲಿ ಅಮೆರಿಕದ ಗಾಯಕ ರಾಸ್ ಬಾಗ್ದಾಸಾರಿಯನ್ ಟೇಪಿನ ವೇಗ ಬದಲಿಸಿಯೇ ಈ ಅಳಿಲುಗಳನ್ನು ಹಾಡಿಸಿದ್ದು.

ಹಾಡನ್ನು ಅರ್ಧ ವೇಗದಲ್ಲಿ ಎಳೆದು ಹಾಡಿ ಫೋನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ವೇಗ ಎರಡು ಪಟ್ಟು ಮಾಡಿ. ಶ್ರುತಿ ಸರಿಯಾಗಿ ಒಂದು ಸ್ಥಾಯಿ ಮೇಲೇರುತ್ತೆ. ಕೆಲವು ಆ್ಯಪ್‌ಗಳು ವೇಗ ಮಾತ್ರ ಏರಿಸಿ ಶ್ರುತಿ ಹಾಗೇ ಬಿಡುತ್ತವೆ, ಆ ಸೆಟ್ಟಿಂಗ್ ತೆಗೆಯಿರಿ. ಒತ್ತಕ್ಷರ ಬಿಡಿಸಿ ಹೇಳಲಿ, ಇಲ್ಲದಿದ್ದರೆ ಪದವೇ ತಿಳಿಯಲ್ಲ. ಇನ್ನೊಂದು, ಹಾಡೋದು ಮಗ ಅಲ್ಲ, ಅವರಪ್ಪ! ಮಗುವಿನ ದನಿಗೆ ಇದನ್ನು ಮಾಡಿದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗಿರುತ್ತೆ.

ವೇದಿಕೆ ಮೇಲೆ ಮಗ ಬಾಯಾಡಿಸಿದರೆ ಸಾಕು. ನಮ್ಮ ತುಮಕೂರಿನ ಶಾಲೆಗಳಲ್ಲಿ ಅದೇನು ಹೊಸದಲ್ಲ ಬಿಡಿ. 2007ರ ಆ ಸಿನಿಮಾದಲ್ಲೇ ಟೂರ್ ಮಾಡಿ ಮಾಡಿ ಗಂಟಲು ಕಟ್ಟಿದ ಅಳಿಲುಗಳಿಗೆ ರೆಕಾರ್ಡ್ ಕಂಪನಿಯವನು ಬಾಯಾಡಿಸಿ ಅಂತ ಹೇಳ್ತಾನಲ್ವಾ! ಸೌಂಡ್‌ನವರಿಗೆ ಮಾತ್ರ ಟ್ರೆಬಲ್ (ಕೀರಲು ಸ್ವರಗಳ ಜೋರು) ಸ್ವಲ್ಪ ಇಳಿಸೋಕೆ ಮೊದಲೇ ಹೇಳಿಡಿ.