ವಿಧೇಯತೆ ಅಂದ್ರೆ ಬಾಯಿ ಮುಚ್ಚಿಕೊಂಡಿರುವುದಲ್ಲ

ನಿಮ್ಮ ಪ್ರಶ್ನೆ ಓದಿ ಮನಸ್ಸು ಭಾರವಾಯಿತು. ವರ್ಷಗಟ್ಟಲೆ ನಡೆಸಿದ ಪ್ರಾರ್ಥನಾ ಕೂಟವನ್ನು ಬೇರೆಯವರಿಗೆ ಬಿಟ್ಟುಕೊಡಿ ಎಂದು ಫಾದರ್ ಕಾರಣ ಕೊಡದೆ ಹೇಳಿದ್ದಾರೆ. ಒಪ್ಪಿಕೊಂಡರೆ ಅದು ದೀನತೆಯೋ ಹೇಡಿತನವೋ ಎಂದು ಕೇಳಿದ್ದೀರಿ.

6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ಮಠಕ್ಕಾಗಿ ಬರೆದ ನಿಯಮದ 68ನೇ ಅಧ್ಯಾಯ ಇದನ್ನೇ ಕುರಿತದ್ದು. ತನ್ನಿಂದ ಆಗದ ಕೆಲಸ ಹೇಳಿದರೆ ಸನ್ಯಾಸಿ ಮೊದಲು ಶಾಂತವಾಗಿ ಸ್ವೀಕರಿಸಬೇಕು. ನಿಜಕ್ಕೂ ಭಾರ ಜಾಸ್ತಿ ಅನಿಸಿದರೆ ಸಮಯ ನೋಡಿ, ಜಂಬವಿಲ್ಲದೆ, ಹಿರಿಯರಿಗೆ ಕಾರಣ ಹೇಳಬೇಕು. ಆಮೇಲೂ ಅವರು ಬೇಕು ಅಂದರೆ ದೇವರನ್ನು ನಂಬಿ ಮಾಡಬೇಕು. ನೋಡಿ, ಮಾತಾಡುವುದಕ್ಕೂ ಅಲ್ಲಿ ಜಾಗವಿದೆ ಅಲ್ವಾ? ಮುಖ್ಯ ವಿಷಯಗಳಲ್ಲಿ ಮಠಾಧಿಪತಿ ಎಲ್ಲರನ್ನೂ ಕೇಳಬೇಕು, ದೇವರು ಎಷ್ಟೋ ಸಲ ಕಿರಿಯರಿಗೇ ದಾರಿ ತೋರಿಸುತ್ತಾನೆ ಎಂದೂ ಅದೇ ನಿಯಮದಲ್ಲಿದೆ.

ಇಟಲಿಯ ಸನ್ಯಾಸಿ, ಗುರು ಪಾದ್ರೆ ಪಿಯೋ ಅವರನ್ನು ನೆನಪಿಸಿಕೊಳ್ಳಿ. ಜನರ ಮುಂದೆ ಬಲಿಪೂಜೆ (ಚರ್ಚಿನ ಮುಖ್ಯ ಆರಾಧನೆಯಾದ ಮಾಸ್) ಬೇಡ, ಭಕ್ತರ ಪಾಪನಿವೇದನೆ ಕೇಳುವುದೂ ಬೇಡ ಎಂದು 1931ರಲ್ಲಿ ರೋಮ್‌ನ ಚರ್ಚ್ ಆಡಳಿತದಿಂದ ಆದೇಶ ಬಂತು. ಎರಡು ವರ್ಷ ಅವರು ಮಠದೊಳಗಿನ ಚಾಪೆಲ್‌ನಲ್ಲೇ ಪೂಜೆ ಅರ್ಪಿಸಿದರು. ನೋವು ಬಹಳ ಇತ್ತು, ಬಂಡಾಯ ಏಳಲಿಲ್ಲ. 2002ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ಆದರೆ ಸುಳ್ಳು ಹೇಳು, ಅನ್ಯಾಯ ಮುಚ್ಚಿಡು ಎಂದು ಯಾರೇ ಹೇಳಲಿ, ಅದಕ್ಕೆ ವಿಧೇಯತೆ ಸಲ್ಲದು. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದು ಯೇಸುವಿನ ಶಿಷ್ಯ ಪೇತ್ರನೇ ಬೈಬಲಿನಲ್ಲಿ ಹೇಳಿದ್ದಾನೆ. ನಿಮ್ಮದು ಅಂಥ ಸಂದರ್ಭವಲ್ಲ ಅಂತ ನನಗೆ ಅನಿಸುತ್ತದೆ. ಭಾನುವಾರದ ಗಡಿಬಿಡಿ ಬೇಡ, ವಾರದ ನಡುವೆ ಒಂದು ಸಂಜೆ ಫಾದರ್ ಹತ್ತಿರ ಹೋಗಿ, ನಿಮಗಾದ ನೋವನ್ನು ನೇರವಾಗಿ ಹೇಳಿ.