ಓದುಗರ ಗ್ಯಾರೇಜ್: ಆಕ್ಸಿಲರೇಟರ್ ಹಗುರವಾಗಬೇಕೆ? ಸ್ಪ್ರಿಂಗ್ ಮುಟ್ಟಬೇಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೈಕಿನ ಥ್ರಾಟಲ್ (ಆಕ್ಸಿಲರೇಟರ್) ಬಗ್ಗೆಯೇ ಇದ್ದವು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನದು ಕಾರ್ಬ್ಯುರೇಟರ್ (ಗಾಳಿ, ಪೆಟ್ರೋಲ್ ಬೆರೆಸುವ ಭಾಗ) ಇರುವ ಹಳೆಯ ಸ್ಪ್ಲೆಂಡರ್ ಪ್ಲಸ್. ಕಳೆದ ಮಳೆಗಾಲದಿಂದ ಆಕ್ಸಿಲರೇಟರ್ ತಿರುಗಿಸಲು ಗಟ್ಟಿ. ಕೈ ಬಿಟ್ಟರೆ ನಿಧಾನಕ್ಕೆ ವಾಪಸ್ ಬರುತ್ತದೆ. ಕಾರ್ಬ್ಯುರೇಟರ್ ಸ್ಪ್ರಿಂಗಿನ ಎರಡು ಸುತ್ತು ಕತ್ತರಿಸಿದರೆ ಬೆಣ್ಣೆಯಂತಾಗುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಮಾಡಿಸಲೇ? (ಓದುಗರು, ಪುತ್ತೂರು)

ಉತ್ತರ: ಬೇಡ. ಉತ್ತರ ನಿಮ್ಮ ಪತ್ರದಲ್ಲೇ ಇದೆ. ಸ್ಪ್ರಿಂಗ್ ಬಿಗಿ ಇದ್ದಿದ್ದರೆ ತಿರುಗಿಸುವಾಗ ಗಟ್ಟಿ ಅನ್ನಿಸಿದರೂ ಬಿಟ್ಟ ತಕ್ಷಣ ಚಟ್ಟನೆ ಹಿಂದಿರುಗಬೇಕಿತ್ತು. ಹೋಗುವಾಗಲೂ ತಡೆ, ಬರುವಾಗಲೂ ತಡೆ ಎಂದರೆ ಅದು ಘರ್ಷಣೆ. ಸ್ಪ್ರಿಂಗ್ ಕತ್ತರಿಸಿದರೆ ಘರ್ಷಣೆ ಹಾಗೇ ಉಳಿಯುತ್ತದೆ, ಅದನ್ನು ಗೆದ್ದು ಥ್ರಾಟಲ್ ಮುಚ್ಚಬೇಕಾದ ಬಲ ಮಾತ್ರ ಹೋಗುತ್ತದೆ. ಇನ್ನೊಂದು ಮಾತನ್ನು ಮೆಕ್ಯಾನಿಕ್‌ಗಳು ಸಾಮಾನ್ಯವಾಗಿ ಯೋಚಿಸುವುದಿಲ್ಲ: ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಪ್ರತಿ ಮಿಲಿಮೀಟರ್‌ಗೆ ಹೆಚ್ಚು ಗಡುಸಾಗುತ್ತದೆ. ಕಡಿಮೆಯಾಗುವುದು ಥ್ರಾಟಲ್ ಮುಚ್ಚಿರುವಾಗಿನ ಒತ್ತಡ. ಅಂದರೆ ಪೂರ್ತಿ ತೆರೆದಾಗ ಹೇಳಿಕೊಳ್ಳುವಷ್ಟು ಹಗುರವಾಗದು, ಮುಚ್ಚುವ ಕೊನೆಯ ಎರಡು ಮಿಲಿಮೀಟರ್‌ನಲ್ಲಿ ಮಾತ್ರ ಕೈಕೊಡುತ್ತದೆ. ಘಾಟಿಯ ತಿರುವಿನಲ್ಲಿ ಕೈ ಬಿಟ್ಟ ಮೇಲೂ ಎಂಜಿನ್ ಎಳೆಯುತ್ತಲೇ ಇರುವುದು ಇಂಥ ಬೈಕುಗಳಲ್ಲೇ.

ಘರ್ಷಣೆ ಹುಟ್ಟುವ ಜಾಗ ಮೂರು: ಹ್ಯಾಂಡಲ್ ಮೇಲಿನ ಪ್ಲಾಸ್ಟಿಕ್ ಕೊಳವೆ, ಕೇಬಲ್, ಕಾರ್ಬ್ಯುರೇಟರ್ ಒಳಗೆ ಮೇಲೆ ಕೆಳಗೆ ಜಾರಿ ಗಾಳಿಯ ದಾರಿ ತೆರೆದು ಮುಚ್ಚುವ ಸ್ಲೈಡ್. ಮೂರನ್ನೂ ಬಿಡಿಬಿಡಿಯಾಗಿ ನೋಡದೆ ಏನನ್ನೂ ಬದಲಿಸಬೇಡಿ. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಶುರುಮಾಡಿ. ಬಲಗಡೆಯ ಸ್ವಿಚ್ ಡಬ್ಬಿಯ ಸ್ಕ್ರೂ ಬಿಚ್ಚಿ, ಕೇಬಲ್ಲಿನ ತುದಿಯ ಗುಂಡನ್ನು ಕೊಳವೆಯ ಕಚ್ಚಿನಿಂದ ಬಿಡಿಸಿ. ಈಗ ಗ್ರಿಪ್ ಒಂದೇ ಬೆರಳಿಗೆ ತಿರುಗಬೇಕು. ತಿರುಗದಿದ್ದರೆ ಮೊದಲ ಕಳ್ಳ ಸಿಕ್ಕಿದ. ನಂತರ ಕಾರ್ಬ್ಯುರೇಟರಿನ ಮೇಲ್ಮುಚ್ಚಳ ತಿರುಗಿಸಿ ಸ್ಲೈಡನ್ನು ಹೊರತೆಗೆಯಿರಿ. ಸ್ಪ್ರಿಂಗನ್ನು ಮೇಲಕ್ಕೆ ಒತ್ತಿ ಹಿಡಿದು ಕೇಬಲ್ಲಿನ ಕೆಳತುದಿಯನ್ನು ಸ್ಲೈಡಿನ ಕಚ್ಚಿನಿಂದ ಜಾರಿಸಿ. ಎರಡೂ ತುದಿ ಬಿಟ್ಟ ಕೇಬಲ್ಲಿನ ಒಳತಂತಿಯನ್ನು ಬೆರಳಲ್ಲಿ ಹಿಂದೆ ಮುಂದೆ ಎಳೆದು ನೋಡಿ. ಗರಗರ ಎಂದರೆ ಒಳಗೆ ತುಕ್ಕು, ಒಂದೇ ಜಾಗದಲ್ಲಿ ಹಿಡಿದರೆ ಹೊರಕವಚ ಮಡಚಿಕೊಂಡಿದೆ ಎಂದರ್ಥ. ಕೊನೆಗೆ ಸ್ಪ್ರಿಂಗ್ ಇಲ್ಲದೆ ಸ್ಲೈಡನ್ನು ಅದರ ಕೊಳವೆಗೆ ಬಿಡಿ. ತನ್ನ ತೂಕಕ್ಕೇ ಜಾರಿ ಇಳಿಯಬೇಕು.

ಕರಾವಳಿಯ ಮಳೆ ನೆನೆದ ಬೈಕಿನಲ್ಲಿ ತಪ್ಪು ಸಾಮಾನ್ಯವಾಗಿ ಮೊದಲ ಎರಡರಲ್ಲಿರುತ್ತದೆ. ಗ್ರಿಪ್ ಕೊಳವೆಯನ್ನು ಪೂರ್ತಿ ಹೊರಗೆಳೆದು, ಹ್ಯಾಂಡಲ್ಲಿನ ತುಕ್ಕನ್ನು 600 ನಂಬರಿನ ಎಮರಿ ಕಾಗದದಿಂದ ಉಜ್ಜಿ, ಪೆಟ್ರೋಲ್ ಬಟ್ಟೆಯಿಂದ ಒರೆಸಿ ಒಣಗಿಸಿ. ಇಲ್ಲಿ ಗ್ರೀಸ್ ಹಚ್ಚಬೇಡಿ. ಧೂಳು ಹಿಡಿದು ಎರಡೇ ತಿಂಗಳಲ್ಲಿ ಅರೆಯುವ ಲೇಪವಾಗುತ್ತದೆ. ಒಣಗಿದಂತೆಯೇ ಬಿಡಿ, ಅಥವಾ ಒಣ ಟೆಫ್ಲಾನ್ ಸ್ಪ್ರೇ ಒಂದು ಪದರ ಸಾಕು. ಗ್ರೀಸ್ ಬೇಕಿರುವುದು ಕೇಬಲ್ ತುದಿಯ ಗುಂಡಿಗೆ, ಅದೂ ಅಕ್ಕಿಕಾಳಿನಷ್ಟು.

ಕೇಬಲ್ ಗರಗರ ಎನ್ನುತ್ತಿದ್ದರೆ ಹೊಸದನ್ನೇ ಹಾಕಿ. ಈ ಬೈಕಿನ ಕೇಬಲ್ ದುಬಾರಿ ವಸ್ತುವಲ್ಲ, ಎಣ್ಣೆಯಲ್ಲಿ ತುಕ್ಕು ಮಾಯವಾಗುವುದೂ ಇಲ್ಲ. ಬರೀ ಒಣಗಿದ್ದರೆ ನೇತುಹಾಕಿ, ಮೇಲ್ತುದಿಗೆ ಪ್ಲಾಸ್ಟಿಕ್ ಚೀಲದ ಮೂಲೆಯನ್ನು ಬಿಗಿದು ಕಟ್ಟಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಚಮಚ ಹಾಕಿ ರಾತ್ರಿಯಿಡೀ ಬಿಡಿ. ಕೆಳತುದಿಯಲ್ಲಿ ಎಣ್ಣೆ ತೊಟ್ಟಿಕ್ಕಿದರೆ ಸಾಕು. ಚೆನ್ನಾಗಿ ಒರೆಸಿಯೇ ಜೋಡಿಸಿ.

ಜೋಡಿಸುವಾಗ ಒಂದು ಎಚ್ಚರಿಕೆ. ಸ್ಲೈಡಿನ ಬದಿಯ ಉದ್ದ ಕಚ್ಚು ಕಾರ್ಬ್ಯುರೇಟರ್ ಒಳಗಿನ ಪಿನ್ನಿಗೆ ಕೂರಬೇಕು, ಸ್ಲೈಡ್ ಬುಡದ ಓರೆ ಕತ್ತರಿಕೆ ಏರ್ ಫಿಲ್ಟರ್ ಕಡೆಗಿರಬೇಕು. ತಿರುವುಮುರುವಾದರೆ ಸ್ಲೈಡ್ ಕೆಳಗಿಳಿಯದೆ, ಕಿಕ್ ಹೊಡೆದ ಕೂಡಲೇ ಎಂಜಿನ್ ಪೂರ್ತಿ ರೇಸ್ ಆಗುತ್ತದೆ. ಕಿಕ್ ಹೊಡೆಯುವ ಮೊದಲೇ ಗ್ರಿಪ್ ತಿರುಗಿಸಿ ಬಿಡಿ. ಸ್ಲೈಡ್ ತಳಕ್ಕೆ ಬಡಿದ ಟಕ್ ಸದ್ದು ಕೇಳಿಸಬೇಕು. ಕೊನೆಗೆ ಆಟ ನೋಡಿಕೊಳ್ಳಿ: ಗ್ರಿಪ್ಪಿನ ಅಂಚಿನಲ್ಲಿ ಅಳೆದರೆ ಕೇಬಲ್ ಬಿಗಿಯಾಗುವ ಮೊದಲು 2ರಿಂದ 6 ಮಿ.ಮೀ. ಸಡಿಲ ಇರಬೇಕು. ನಯವಾದ ಓಟ ಬೇಕಿದ್ದರೆ 2–3ಕ್ಕೆ ಇಡಿ, ಸೊನ್ನೆಗಂತೂ ಬೇಡ.

ಪ್ರಶ್ನೆ: ಹಿಮಾಲಯನ್ 411ಕ್ಕೆ ಹ್ಯಾಂಡಲ್ ಎತ್ತರಿಸುವ ರೈಸರ್ ಹಾಕಿಸಿದೆ. ಅಂದಿನಿಂದ ಥ್ರಾಟಲ್ ಭಾರ. ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿಸಿದರೆ ಆರ್‌ಪಿಎಂ ತಾನಾಗಿ ಏರುತ್ತದೆ. ಕೇಬಲ್ ಹಾಳಾಯಿತೇ? (ಓದುಗರು, ಬೆಂಗಳೂರು)

ಉತ್ತರ: ಕೇಬಲ್ ಹಾಳಾಗಿಲ್ಲ, ಸಾಲುತ್ತಿಲ್ಲ. ಹ್ಯಾಂಡಲ್ ಮೇಲೆದ್ದಿದೆ, ಕೇಬಲ್ಲಿನ ಉದ್ದ ಹಳೆಯದೇ ಇದೆ. ಆರ್‌ಪಿಎಂ ಏರುವುದನ್ನು ಸಣ್ಣ ತೊಂದರೆ ಎಂದುಕೊಳ್ಳಬೇಡಿ. ಯು-ಟರ್ನ್ ನಡುವೆ ಬೈಕ್ ತಾನೇ ಮುನ್ನುಗ್ಗಬಹುದು. ಸರಿಯಾಗುವ ತನಕ ಓಡಿಸದಿರುವುದೇ ಮೇಲು.

ಭಾರದ ವಿಚಾರಕ್ಕೆ ಸ್ವಲ್ಪ ಲೆಕ್ಕ ಬೇಕು. ಬೆದರಿದ ಎತ್ತಿನ ಹಗ್ಗವನ್ನು ಮರಕ್ಕೆ ಒಂದು ಸುತ್ತು ಹಾಕಿದರೆ ಒಬ್ಬನೇ ಹಿಡಿದು ನಿಲ್ಲಬಹುದಲ್ಲ, ಕೇಬಲ್ಲಿನಲ್ಲೂ ನಡೆಯುವುದು ಅದೇ. ಒಳತಂತಿ ಕವಚದ ಬಾಗಿನಲ್ಲಿ ಉಜ್ಜುತ್ತದೆ. ದಾರಿಯ ಎಲ್ಲ ಬಾಗುಗಳ ಕೋನ ಕೂಡಿದಷ್ಟೂ ಎಳೆತ ಕೂಡುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಘರ್ಷಣಾಂಕ (ಉಜ್ಜುವಿಕೆ ಎಷ್ಟೆಂದು ಹೇಳುವ ಅಂಕಿ) 0.15 ಎಂದಿಟ್ಟುಕೊಳ್ಳಿ. ಸ್ಪ್ರಿಂಗಿನ ಎಳೆತ 1 ಕೆ.ಜಿ. ಇದ್ದರೆ, ಒಟ್ಟು 90 ಡಿಗ್ರಿ ಬಾಗಿಗೆ ಗ್ರಿಪ್ ಕಡೆ 1.27 ಕೆ.ಜಿ. ಎಳೆಯಬೇಕು, 180 ಡಿಗ್ರಿಗೆ 1.6, 270 ಡಿಗ್ರಿಗೆ ಹತ್ತಿರಹತ್ತಿರ 2. ಅದೇ ಕೇಬಲ್ ತುಕ್ಕು ಹಿಡಿದು ಘರ್ಷಣಾಂಕ 0.3 ಆಯಿತೆನ್ನಿ, 180 ಡಿಗ್ರಿಗೇ 2.5 ದಾಟುತ್ತದೆ. ಹಿಂದಿರುಗುವಾಗ ಇದೇ ಲೆಕ್ಕ ತಲೆಕೆಳಗು: ಘರ್ಷಣಾಂಕ 0.15 ಇದ್ದರೂ 180 ಡಿಗ್ರಿ ಬಾಗು ದಾಟಿ ಬರುವಷ್ಟರಲ್ಲಿ ಸ್ಪ್ರಿಂಗಿನ 1 ಕೆ.ಜಿ.ಯಲ್ಲಿ ಗ್ರಿಪ್ಪಿಗೆ ಉಳಿಯುವುದು ಸುಮಾರು 620 ಗ್ರಾಂ. ಥ್ರಾಟಲ್ ಭಾರವೂ ಹೌದು, ಮಂದವೂ ಹೌದು ಎನಿಸಲು ಕಾರಣ ಇದು.

ಟ್ಯಾಂಕ್ ತೆಗೆಸಿ ಕೇಬಲ್ಲಿನ ಪೂರ್ತಿ ದಾರಿ ನೋಡಿ. ರೈಸರ್ ಕೂರಿಸಿದವರು ಉದ್ದ ಹೊಂದಿಸಲು ಅದನ್ನು ಫೋರ್ಕಿನ ಬೇರೆ ಬದಿಯಿಂದ ಎಳೆದಿರಬಹುದು, ಎಲ್ಲೋ ಪ್ಲಾಸ್ಟಿಕ್ ಟೈ ಬಿಗಿದು ಕವಚವನ್ನು ಅಮುಕಿರಬಹುದು. ಟೈಗಳು ಕೇಬಲ್ಲನ್ನು ಹಿಡಿದಿಡಬೇಕೇ ಹೊರತು ಹಿಸುಕಬಾರದು. ಕವಚ ಕೈಯಿಂದ ಜಾರುವಂತಿರಲಿ. ಹಳೆಯ ದಾರಿಗೆ ತಂದ ಮೇಲೂ ಕೇಬಲ್ ಬಿಗಿ ಎಂದಾದರೆ ರೈಸರ್ ಎತ್ತರಕ್ಕೆ ತಕ್ಕ ಉದ್ದದ ಕೇಬಲ್ ಬೇಕು, ಇಲ್ಲವೇ ಗಿಡ್ಡ ರೈಸರ್. ಅಡ್ಜಸ್ಟರ್ ಸಡಿಲಿಸಿ ಕೆಲಸ ಸಾಗಿಸುವುದು ಬೇಡ. ಎಂಜಿನ್ ಐಡಲ್‌ನಲ್ಲಿಟ್ಟು ಹ್ಯಾಂಡಲ್ಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿದಾಗ ಎಂಜಿನ್ ಸದ್ದು ಬದಲಾಗಬಾರದು. ಮುಂದಿನ ಬ್ರೇಕ್ ಹೋಸ್ ಮತ್ತು ವೈರಿಂಗ್ ಬಿಗಿಯಾಗಿವೆಯೇ ಎಂದೂ ಆಗಲೇ ನೋಡಿಬಿಡಿ.

ಪ್ರಶ್ನೆ: ಕ್ವಾರ್ಟರ್-ಟರ್ನ್ ರೇಸಿಂಗ್ ಥ್ರಾಟಲ್ ಹಾಕಿದರೆ ಹಗುರವಾಗುತ್ತದೆಯೇ? (ಓದುಗರು, ಹುಬ್ಬಳ್ಳಿ)

ಉತ್ತರ: ಭಾರವಾಗುತ್ತದೆ. ಕಡಿಮೆ ತಿರುಗಿಸಿ ಪೂರ್ತಿ ತೆರೆಯಲೆಂದು ಇಂಥ ಥ್ರಾಟಲ್ಲಿನಲ್ಲಿ ಕೇಬಲ್ ಸುತ್ತುವ ಚಕ್ರ ದೊಡ್ಡದಿರುತ್ತದೆ. ಕೇಬಲ್ ಸುತ್ತುವ ಚಕ್ರದ ತ್ರಿಜ್ಯ 20 ಮಿ.ಮೀ. ಇದ್ದರೆ 90 ಡಿಗ್ರಿ ತಿರುಗಿಸಿದಾಗ ಕೇಬಲ್ 31 ಮಿ.ಮೀ. ಎಳೆಯುತ್ತದೆ. 25 ಮಿ.ಮೀ. ಚಕ್ರದಲ್ಲಿ ಅಷ್ಟೇ ಎಳೆತ 72 ಡಿಗ್ರಿಯಲ್ಲಿ ಮುಗಿಯುತ್ತದೆ, ಆದರೆ ಕೈಗೆ ಶೇ. 25 ಹೆಚ್ಚು ಬಲ ಬೇಕು. ಟ್ರ್ಯಾಕಿನಲ್ಲಿ ಅದು ಸರಿ. ಪೇಟೆಯ ಗುಂಡಿ ರಸ್ತೆಯಲ್ಲಿ ಕೈ ಕುಲುಕಿದಾಗಲೆಲ್ಲ ಬೈಕೂ ಕುಲುಕುತ್ತದೆ. ಚಿಕ್ಕ ಚಕ್ರ ಹಾಕಿದರೆ ಹಗುರವೇನೋ ಹೌದು, ಆದರೆ 17 ಮಿ.ಮೀ. ಚಕ್ರಕ್ಕೆ ಪೂರ್ತಿ ತೆರೆಯಲು 106 ಡಿಗ್ರಿ ಬೇಕಾಗಿ ಮಣಿಕಟ್ಟು ತಿರುಚಿಕೊಳ್ಳುತ್ತದೆ. ಇದಕ್ಕಿಂತ ಅಗ್ಗದ ದಾರಿಯೆಂದರೆ ದಪ್ಪ ಗ್ರಿಪ್. ವ್ಯಾಸ 32ರಿಂದ 36 ಮಿ.ಮೀ.ಗೆ ಏರಿದರೆ ಅಂಗೈ ಕೊಡಬೇಕಾದ ಬಲ ಒಂಬತ್ತರಲ್ಲಿ ಒಂದು ಪಾಲು ಇಳಿಯುತ್ತದೆ. ಚಿಕ್ಕ ಕೈಯವರಿಗೆ ಬ್ರೇಕ್ ಲಿವರ್ ದೂರವಾಗುತ್ತದೆ, ಆದ್ದರಿಂದ ಮೊದಲು ಸ್ನೇಹಿತರ ಬೈಕಿನಲ್ಲಿ ಹಿಡಿದು ನೋಡಿ.

ಪ್ರಶ್ನೆ: 2018ರ 390 ಡ್ಯೂಕ್. ಮೊದಲ ಎರಡು ಗೇರಿನಲ್ಲಿ ನಿಧಾನಕ್ಕೆ ಹೋಗುವಾಗ ಜರ್ಕ್. ಕೇಬಲ್ ಬದಲಿಸಿದರೆ ಸಾಕೋ, ಥ್ರಾಟಲ್ ಕಂಟ್ರೋಲರ್ ಕೊಳ್ಳಲೋ? (ಓದುಗರು, ಉಡುಪಿ)

ಉತ್ತರ: ನಿಮ್ಮ ಬೈಕಿನಲ್ಲಿ ಕೇಬಲ್ಲೇ ಇಲ್ಲ. 2017ರ ಮಾದರಿಯಿಂದ 390 ಡ್ಯೂಕ್ ರೈಡ್-ಬೈ-ವೈರ್. ಗ್ರಿಪ್ ತಿರುಗಿಸಿದ್ದನ್ನು ಸೆನ್ಸರ್ ಓದುತ್ತದೆ, ಎಂಜಿನ್ನಿಗೆ ಗಾಳಿ ಬಿಡುವ ಚಿಟ್ಟೆಬಾಗಿಲನ್ನು (ಬಟರ್‌ಫ್ಲೈ ವಾಲ್ವ್) ಮೋಟಾರ್ ತೆರೆಯುತ್ತದೆ. ಕಂಟ್ರೋಲರ್ ಡಬ್ಬಿ ಆ ಸಂಕೇತವನ್ನು ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಜರ್ಕಿನ ಮೂಲ ಯಂತ್ರಭಾಗದಲ್ಲಿದ್ದರೆ ಅದರಿಂದ ಪ್ರಯೋಜನವಿಲ್ಲ.

ಮೊದಲು ಚೈನ್ ನೋಡಿ. ಹಿಂದಿನ ಚಕ್ರ ತಿರುಗಿಸುತ್ತ ನಾಲ್ಕೈದು ಕಡೆ ಸಡಿಲ ಅಳೆಯಿರಿ, ಅತಿ ಬಿಗಿಯಾದ ಜಾಗದಲ್ಲಿ ಕೈಪಿಡಿಯ ಅಳತೆಗೆ ಹೊಂದಿಸಿ. ಅತಿ ಬಿಗಿ ಮತ್ತು ಅತಿ ಸಡಿಲದ ನಡುವೆ ದೊಡ್ಡ ಅಂತರವಿದ್ದರೆ ಚೈನ್ ಸೆಟ್ಟಿನ ಕಾಲ ಮುಗಿದಿದೆ. ಬಳಿಕ ಹಿಂದಿನ ಸ್ಪ್ರಾಕೆಟ್ಟನ್ನು (ಚೈನ್ ಕೂರುವ ಹಲ್ಲುಚಕ್ರ) ಕೈಯಲ್ಲಿ ಹಿಡಿದು, ಚಕ್ರ ಅಲುಗದಂತೆ, ಹಿಂದೆ ಮುಂದೆ ತಿರುಗಿಸಿ. ತಡೆಯಿಲ್ಲದೆ ಲೊಡಲೊಡ ಆಡಿದರೆ ಚಕ್ರದ ನಡುವಿನ ಹಬ್ ಒಳಗಿನ ರಬ್ಬರ್ ಡ್ಯಾಂಪರ್ ಸವೆದಿದೆ. ಥ್ರಾಟಲ್ ಮುಚ್ಚಿ ಮತ್ತೆ ತೆರೆಯುವ ಕ್ಷಣದಲ್ಲಿ ಈ ಸಡಿಲವೆಲ್ಲ ಒಟ್ಟಿಗೆ ಬಿಗಿಯಾಗಿ ಕೊಡುವ ಏಟೇ ನಿಮ್ಮ ಜರ್ಕ್. ಚಿಟ್ಟೆಬಾಗಿಲು ಕೂತಿರುವ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದ್ದರೂ ಆರಂಭದ ತೆರೆಯುವಿಕೆ ಹಿಡಿದು ಬಿಡುತ್ತದೆ. ಆದರೆ ಮೋಟಾರ್ ಇರುವ ಚಿಟ್ಟೆಬಾಗಿಲನ್ನು ಬೆರಳಿನಿಂದ ತಳ್ಳಿ ಒರೆಸಬೇಡಿ, ಒಳಗಿನ ಗೇರ್ ಕೆಡುತ್ತದೆ. ಅದನ್ನು ಸರ್ವಿಸ್ ಸೆಂಟರಿಗೆ ಬಿಡಿ. ಮತ್ತೆ, ಒಂದನೇ ಗೇರಿನಲ್ಲಿ ಅರ್ಧ ಕ್ಲಚ್ ಇಲ್ಲದೆ ನಡಿಗೆ ವೇಗದಲ್ಲಿ ಹೋಗಬಲ್ಲ 373 ಸಿಸಿ ಸಿಂಗಲ್ ಸಿಲಿಂಡರ್ ನಾವಂತೂ ಕಂಡಿಲ್ಲ.

ಪ್ರಶ್ನೆ: ಕೇಬಲ್ಲಿಗೆ ಡಬ್ಲ್ಯುಡಿ-40 ಹೊಡೆದರೆ ಸಾಲದೇ? (ಓದುಗರು, ಶಿವಮೊಗ್ಗ)

ಉತ್ತರ: ನೀರು ಓಡಿಸಲು, ಕೊಳೆ ತೊಳೆಯಲು ಸಾಕು. ಅದರ ಬಹುಪಾಲು ಆವಿಯಾಗುವ ದ್ರಾವಕ, ಉಳಿಯುವ ಎಣ್ಣೆ ತೆಳು. ತೊಳೆದ ಮೇಲೆ ಕೇಬಲ್ ಲ್ಯೂಬ್ ಅಥವಾ ತೆಳು ಎಣ್ಣೆ ಹಾಕಿ. ಟೆಫ್ಲಾನ್ ಒಳಪದರದ ಕೇಬಲ್ಲಾದರೆ ತಯಾರಕರು ಹೇಳದ ಹೊರತು ಏನೂ ಬೇಡ.

ಪ್ರಶ್ನೆ: ಅಜ್ಜನ ಕಾಲದ ಜಾವಾ 250. ಗ್ರಿಪ್ ಬಳಿ ಕೇಬಲ್ ಕಾಣುವುದೇ ಇಲ್ಲ, ಹ್ಯಾಂಡಲ್ ಒಳಗಿನಿಂದ ಬರುತ್ತದೆ. ತಿರುಗಿಸಿದರೆ ಅರೆದ ಹಾಗೆ ಸದ್ದು. (ಓದುಗರು, ಮೈಸೂರು)

ಉತ್ತರ: ಮೇಲೆ ಗ್ರೀಸ್ ಬೇಡ ಎಂದೆವಲ್ಲ, ಅದಕ್ಕೆ ಅಪವಾದ ನಿಮ್ಮೂರಿನದೇ ಬೈಕ್. ಇಲ್ಲಿ ಗ್ರಿಪ್ ಕೊಳವೆಗೆ ಸುರುಳಿಯಾಕಾರದ ಕಚ್ಚು ಇದ್ದು, ಹ್ಯಾಂಡಲ್ ಒಳಗಿನ ಸಣ್ಣ ಲೋಹದ ತುಂಡು ಅದರಲ್ಲಿ ಜಾರುತ್ತ ಕೇಬಲ್ಲನ್ನು ನೇರಕ್ಕೆ ಎಳೆಯುತ್ತದೆ. ಲೋಹದ ಮೇಲೆ ಲೋಹ, ಒಣಗಿದರೆ ಅರೆಯಲೇಬೇಕು. ಬಿಚ್ಚಿ ಹಳೆಯ ಗಟ್ಟಿ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಲಿಥಿಯಂ ಗ್ರೀಸ್ ತೆಳ್ಳಗೆ ಹಚ್ಚಿ. ಜಾರುವ ತುಂಡಿನ ಅಂಚು ಸವೆದು ಚೂಪಾಗಿದ್ದರೆ ಗ್ರೀಸಿನಿಂದ ಸರಿಹೋಗದು, ತುಂಡನ್ನೇ ಬದಲಿಸಬೇಕು. ಎಂಜಿನ್ ಬಿಸಿಯಾದಾಗ ಮಾತ್ರ ಥ್ರಾಟಲ್ ಸಿಕ್ಕಿಕೊಳ್ಳುತ್ತಿದ್ದರೆ ಹ್ಯಾಂಡಲ್ ಬಿಟ್ಟು ಕಾರ್ಬ್ಯುರೇಟರ್ ಕಡೆ ಹೋಗಿ: ಅದನ್ನು ಸಿಲಿಂಡರಿಗೆ ಅತಿಯಾಗಿ ಬಿಗಿದರೆ ದೇಹ ಸೊಟ್ಟಗಾಗಿ ಸ್ಲೈಡ್ ಹಿಡಿಯುತ್ತದೆ.

ಪ್ರಶ್ನೆ: ದೂರದ ಹೆದ್ದಾರಿ ಓಟದಲ್ಲಿ ಬಲಗೈ ಜೋಮು. ಥ್ರಾಟಲನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಥ್ರಾಟಲ್ ಲಾಕ್ ಹಾಕಿಸಬಹುದೇ? (ಓದುಗರು, ದಾವಣಗೆರೆ)

ಉತ್ತರ: ದನ, ಟ್ರ್ಯಾಕ್ಟರ್, ಎದುರು ದಿಕ್ಕಿನಲ್ಲಿ ಬರುವ ಸ್ಕೂಟರ್ ಇರುವ ನಮ್ಮ ಹೆದ್ದಾರಿಯಲ್ಲಿ ಬೇಡ. ಗ್ರಿಪ್ಪಿಗೆ ಸಿಕ್ಕಿಸುವ ಅಂಗೈ ಪಟ್ಟಿ ಸಾಕು, ಬೆರಳು ಬಿಗಿಯದೆ ಅಂಗೈ ಭಾರದಲ್ಲೇ ಥ್ರಾಟಲ್ ಹಿಡಿಯಬಹುದು. ಬ್ರೇಕ್ ಹಿಡಿಯುವಾಗ ಅಂಗೈ ಅದನ್ನು ಒತ್ತದಂತೆ ಕೋನ ಹೊಂದಿಸಿಕೊಳ್ಳಿ. ಹೊಸ ಗ್ರಿಪ್ ಅಥವಾ ಬಾರ್-ಎಂಡ್ ತೂಕ (ಹ್ಯಾಂಡಲ್ ತುದಿಯ ಲೋಹದ ಭಾರ) ಹಾಕಿಸಿದ ಮೇಲೆ ಜೋಮು ಶುರುವಾಗಿದ್ದರೆ ಅವೆರಡರ ನಡುವೆ ಒಂದೆರಡು ಮಿ.ಮೀ. ಸಂದಿ ಇದೆಯೇ ನೋಡಿ. ರಬ್ಬರ್ ತೂಕಕ್ಕೆ ಉಜ್ಜುತ್ತಿದ್ದರೆ ಬ್ಲೇಡಿನಿಂದ ಅಂಚು ಕತ್ತರಿಸಿದರೆ ಸಾಕು.